ಇಂದುಶೇಖರ ಹೆದರಿದ ಹತ್ತು ದಿನ

ಪರಮಾಣು ವಿದ್ಯುತ್ತಿಗೆ ಹೆದರುವವರ ಹೆದರಿಕೆ ಬಿಡಿಸುವುದೇ ಇಂದುಶೇಖರನ ಉದ್ಯೋಗ. ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಅದನ್ನೇ ಮಾಡಿಕೊಂಡು ಬಂದಿದ್ದ. ಎಲ್ಲಿ ಹೊಸ ಸ್ಥಾವರದ ಮಾತು ಎದ್ದಿದೆಯೋ ಆ ಊರಿಗೆ ಹೋಗಿ, ಶಾಲೆಯಂಗಳದಲ್ಲಿ ಪರದೆ ಕಟ್ಟಿಸಿ, ವಿಕಿರಣ ಮಣ್ಣಿನಲ್ಲೂ ಇದೆ, ಬಾಳೆಹಣ್ಣಿನಲ್ಲೂ ಇದೆ, ಎಕ್ಸ್‌ರೇ ತೆಗೆಸಿಕೊಂಡವರೆಲ್ಲ ಸತ್ತುಹೋದರೇ ಎಂದು ಕೇಳಿ ಜನರನ್ನು ನಗಿಸುತ್ತಿದ್ದ. ಅಂಕಿಅಂಶಗಳು ನಾಲಿಗೆಯ ತುದಿಯಲ್ಲೇ ಇದ್ದವು. ಅಷ್ಟಾದರೂ ಜನ ಒಪ್ಪದೆ ಎದ್ದು ಹೋದರೆ, ವಾಪಸಾಗುವಾಗ ಜೀಪಿನಲ್ಲಿ ಕಿರಿಯ ಸಹೋದ್ಯೋಗಿ ಶ್ರೀವತ್ಸನ ಮುಂದೆ, "ತಲೆಗೇ ಹೋಗಲ್ಲವಲ್ಲಯ್ಯ ಇವರಿಗೆ" ಎಂದು ಗೊಣಗಿಕೊಳ್ಳುತ್ತಿದ್ದ.

ಆ ವರ್ಷ ದಸರೆ ಕಳೆದ ಮೇಲೆ ಅವನ ಹೆಂಡತಿ ಲೀಲಾಳ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಸಲೀಸಾಗಿ ಮುಗಿಯಿತು. ಅಲ್ಲಿ ಇಲ್ಲಿ ಉಳಿದಿರಬಹುದಾದ ಜೀವಕೋಶಗಳನ್ನು ಸುಡಲು ವಿಕಿರಣ ಸೂಸುವ ಅಯೋಡಿನ್ ಗುಳಿಗೆ ಕೊಟ್ಟು, ಮೂರು ದಿನ ಒಂಟಿ ಕೋಣೆಯಲ್ಲಿಟ್ಟು, ಮನೆಗೆ ಕಳಿಸಿದರು. ಜೊತೆಗೊಂದು ಚೀಟಿ. ಇನ್ನು ಹತ್ತು ದಿನ ಬೇರೆ ಹಾಸಿಗೆ, ಬೇರೆ ಬಚ್ಚಲು, ಬೇರೆ ತಟ್ಟೆ ಲೋಟ. ಮಾತಾಡುವವರು ಆರಡಿ ದೂರ ಕೂರಬೇಕು. ಮಕ್ಕಳು, ಬಸುರಿಯರು ಹತ್ತಿರ ಸುಳಿಯಬಾರದು.

ಮಗಳು ಅನನ್ಯಾ ಪುಣೆಯಲ್ಲಿ ಓದುತ್ತಿದ್ದುದರಿಂದ ಕಿದ್ವಾಯಿ ನಗರದ ಆರನೇ ಮಹಡಿಯ ಕ್ವಾರ್ಟರ್ಸಿನಲ್ಲಿ ಇದ್ದವರು ಗಂಡ ಹೆಂಡತಿ ಇಬ್ಬರೇ. ಇಂದುಶೇಖರ ಹತ್ತು ದಿನ ರಜೆ ಹಾಕಿದ. ವಿಕಿರಣ ಅಳೆಯುವ ಮೀಟರನ್ನು ಕಚೇರಿಯಲ್ಲಿ ಕೇಳಿ ತಂದ. ಲೀಲಾ ಬಾಗಿಲ ಬಳಿ ಬಂದಾಗ ಹೊರಗಿನಿಂದಲೇ ಆರಡಿ ದೂರದಲ್ಲಿ ಹಿಡಿದು ನೋಡಿದರೆ ಮುಳ್ಳು ತೋರಿಸಿದ್ದು ಅವನು ನಿರೀಕ್ಷಿಸಿದ್ದಕ್ಕಿಂತಲೂ ಕಡಿಮೆ. ದಿನಕ್ಕೆ ಒಂದೆರಡು ಗಂಟೆ ಅಲ್ಲಿ ಕೂತರೂ ಏನೂ ಆಗದು ಎಂದು ಅವನಿಗೆ ಲೆಕ್ಕ ಹಾಕದೆಯೇ ಗೊತ್ತಿತ್ತು.

ಆದರೂ ಅವನು ಅವಳ ಕೋಣೆಯೊಳಗೆ ಹೋಗಲಿಲ್ಲ. ಸಾರನ್ನ ಮಾಡಿ, ತಟ್ಟೆಯನ್ನು ಹೊಸ್ತಿಲಲ್ಲಿಟ್ಟು, "ಲೀಲಾ, ಊಟ" ಎಂದು ಕೂಗಿ ಹಿಂದೆ ಸರಿಯುತ್ತಿದ್ದ. ಅವಳು ಮುಟ್ಟಿದ ಲೋಟವನ್ನು ಮೂರು ಸಲ ತೊಳೆದು, ಮತ್ತೆ ಕೈಯನ್ನೂ ಮೂರು ಸಲ ತೊಳೆಯುತ್ತಿದ್ದ.

ನಾಲ್ಕನೇ ದಿನ ಮಧ್ಯಾಹ್ನ ಲೀಲಾ ತಟ್ಟೆ ತೆಗೆದುಕೊಳ್ಳಲು ಬರಲಿಲ್ಲ. ಮಂಚದ ಮೇಲೆ ಕೂತಲ್ಲಿಂದಲೇ ಕೇಳಿದಳು.

"ರೀ, ನಿಮ್ಮ ಮೀಟರ್ ಏನನ್ನತ್ತೆ?"

"ಏನಿಲ್ಲ. ಚೆನ್ನಾಗಿ ಇಳಿದಿದೆ."

"ಆರಡಿ ಅಂದ್ರೆ ಎಲ್ಲಿಗೆ ಬರತ್ತೆ?"

ಅವನು ಕಣ್ಣಳತೆ ಮಾಡಿದ. "ಆ ಕಿಟಕಿ ಹತ್ತಿರದ ಕುರ್ಚಿವರೆಗೆ."

"ಮತ್ತೆ ಯಾಕೆ ನಾಯಿಗೆ ಹಾಕಿದ ಹಾಗೆ ಬಾಗಿಲಲ್ಲಿಟ್ಟು ಹೋಗ್ತೀರಿ?"

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು, "ಹೆದರಿಕೆ ಆಗತ್ತೆ ಕಣೇ," ಎಂದ. "ಯಾಕೆ ಅಂತ ಗೊತ್ತಿಲ್ಲ. ಲೆಕ್ಕವೆಲ್ಲ ಸರಿಯಾಗೇ ಇದೆ. ಆದ್ರೂ ಕಾಲು ಮುಂದೆ ಬರಲ್ಲ."

ಲೀಲಾ ಬೈಯಬಹುದೆಂದು ಅವನು ಕಾದ. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ನುಂಗಿರೋಳು ನಾನು. ನನಗೂ ಹೆದರಿಕೆಯೇ. ಬನ್ನಿ, ಕೂತ್ಕೊಂಡು ಇಬ್ರೂ ಹೆದರೋಣ."

ಅವನು ಹೋಗಿ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತ. ಮೊದಲ ಹತ್ತು ನಿಮಿಷ ಕುರ್ಚಿಯ ಅಂಚಿನಲ್ಲೇ ಕೂತಿದ್ದ. ಆಮೇಲೆ ಅನನ್ಯಾಳ ಪರೀಕ್ಷೆಯ ಸುದ್ದಿ ಬಂತು, ಹೊರಗಿನ ಹೊಗೆಮಂಜಿನ ಮಾತು ಬಂತು. ಗಡಿಯಾರ ನೋಡುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು.

ಅದೇ ಸಂಜೆ ಕೆಳಗಿನ ಮನೆಯ ಚರಣ್ ಬಂದು ಬಾಗಿಲು ತಟ್ಟಿದ. ಧಾರವಾಡ ಕಡೆಯ ಹುಡುಗ, ಗುರುಗ್ರಾಮದಲ್ಲಿ ಕೆಲಸ. ಹೆಂಡತಿ ಧನ್ಯಾ ಸರ್ಕಾರಿ ನೌಕರಿಯವಳು, ಐದು ತಿಂಗಳ ಬಸುರಿ. ಲೀಲಾಳಿಗೆ ಮಗಳಷ್ಟೇ ಸಲಿಗೆ.

"ಅಂಕಲ್, ತಪ್ಪು ತಿಳೀಬ್ಯಾಡ್ರಿ," ಎಂದು ಚರಣ್ ತಡವರಿಸಿದ. "ಆಂಟಿ ಆಸ್ಪತ್ರೆಯಿಂದ ಬಂದ ದಿನ ಧನ್ಯಾ ಅದೇ ಲಿಫ್ಟ್‌ನಾಗ ಬಂದಿದ್ಲು. ಈಗ ಬ್ಲಾಕಿನ ವಾಟ್ಸಪ್ ಗ್ರೂಪಿನಾಗ ಎಲ್ಲಾರೂ ವಿಕಿರಣದ ಬಗ್ಗೆ ಏನೇನೋ ಬರ್ಯಾಕತ್ತಾರ. ಆಕಿ ಎರಡು ದಿನದಿಂದ ಸರಿಯಾಗಿ ಊಟಾನೇ ಮಾಡವಲ್ಲಳು."

ಹಿಂದಿನ ಇಂದುಶೇಖರನಾಗಿದ್ದರೆ ಗ್ರೂಪಿಗೊಂದು ಉದ್ದನೆಯ ಸಂದೇಶ ಬರೆದು ಎಲ್ಲರ ಬಾಯಿ ಮುಚ್ಚಿಸಲು ಹೊರಡುತ್ತಿದ್ದ. ಈ ಸಲ ಅವನು ಮೀಟರ್ ತೆಗೆದುಕೊಂಡು ಕೆಳಗಿಳಿದ. ಧನ್ಯಾ ಸೋಫಾದ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಅವನು ಕೇಳಿದ್ದು ಒಂದೇ ಮಾತು.

"ನಿನಗೆ ಏನಾಗತ್ತೆ ಅಂತ ಭಯ, ಹೇಳಮ್ಮ."

ಅವಳು ಹೇಳತೊಡಗಿದಳು. ಹೋದ ವರ್ಷ ಮೂರನೇ ತಿಂಗಳಲ್ಲಿ ಒಂದು ಗರ್ಭ ಹೋಗಿತ್ತು. ಕಾರಣ ಏನೆಂದು ಯಾವ ಡಾಕ್ಟರೂ ಹೇಳಲಿಲ್ಲ. ಈ ಸಲವೂ ಹಾಗಾದರೆ, ತಾನು ಆ ಲಿಫ್ಟಿನಲ್ಲಿ ನಿಂತದ್ದರಿಂದಲೇ ಎಂದು ಜೀವಮಾನವಿಡೀ ಅನ್ನಿಸುತ್ತದಲ್ಲ ಎಂದು ಅತ್ತಳು. ಲೀಲಾ ಆಂಟಿಯ ಮೇಲೆ ಕೋಪ ಬಂದದ್ದಕ್ಕೂ ಅವಳಿಗೆ ಸಂಕಟವಿತ್ತು.

ಇಂದುಶೇಖರ ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೀಟರನ್ನು ಅವಳ ಕೈಗೇ ಕೊಟ್ಟ. ಅವಳು ಅದನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಹಿಡಿದಳು. ಕಲ್ಲಿನಲ್ಲೇ ಇರುವ ವಿಕಿರಣಕ್ಕೆ ಅದು ಆಗೊಮ್ಮೆ ಈಗೊಮ್ಮೆ ಟಕ್ ಎಂದಿತು. ಚರಣ್ ಅದನ್ನು ಲಿಫ್ಟಿನೊಳಗೂ ಒಯ್ದು ನೋಡಿಬಂದ. ಅಲ್ಲೂ ಅಷ್ಟೇ.

"ಅರ್ಧ ನಿಮಿಷ ಲಿಫ್ಟ್‌ನಲ್ಲಿ ಜೊತೆಗಿದ್ದದ್ದರಿಂದ ನಿನ್ನ ಮಗುವಿಗೆ ತೊಂದರೆಯಾಗುವಷ್ಟು ಏನೂ ತಗಲಿಲ್ಲ. ಇದನ್ನ ನಾನು ಗೊತ್ತಿದ್ದೇ ಹೇಳ್ತಿದೀನಿ. ಆದ್ರೆ ಇನ್ನೂ ಒಂದು ವಾರ ಮೇಲಕ್ಕೆ ಬರಬೇಡ. ಅವತ್ತು ಲಿಫ್ಟ್ ಹತ್ತೋ ಮುಂಚೆ ನಿನ್ನನ್ನ ಎಚ್ಚರಿಸಬೇಕಾಗಿತ್ತು, ಅದು ನನ್ನ ತಪ್ಪು. ನಾಳೆ ನಿನ್ನ ಡಾಕ್ಟರನ್ನೂ ಒಂದು ಮಾತು ಕೇಳು. ಇನ್ನೊಂದು ವಿಷಯ. ಇಷ್ಟೆಲ್ಲ ಓದಿರೋ ನಾನೇ ಇವತ್ತು ಮಧ್ಯಾಹ್ನದವರೆಗೂ ಅವಳ ಕೋಣೆಗೆ ಕಾಲಿಟ್ಟಿರಲಿಲ್ಲ."

ಧನ್ಯಾ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. "ನಿಜವಾಗ್ಲೂ, ಅಂಕಲ್?"

"ನಿಜವಾಗ್ಲೂ."

ಆ ರಾತ್ರಿ ಅವಳು ಊಟ ಮಾಡಿದಳೆಂದು ಚರಣ್ ಸಂದೇಶ ಕಳಿಸಿದ. ಬ್ಲಾಕಿನ ಉಳಿದವರು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಎದುರುಮನೆಯವರು ತಿಂಗಳಾದರೂ ಲೀಲಾಳನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುತ್ತಿದ್ದರು. ಅವಳು ಮೊದಮೊದಲು ನೊಂದುಕೊಂಡಳು, ಆಮೇಲೆ ಅವರು ಕಂಡಾಗಲೆಲ್ಲ ತಾನೇ ಕೂಗಿ ನಮಸ್ತೆ ಹೇಳತೊಡಗಿದಳು.

ಫೆಬ್ರವರಿಯಲ್ಲಿ ಇಂದುಶೇಖರ ಶ್ರೀವತ್ಸನೊಂದಿಗೆ ಹರಿಯಾಣದ ಒಂದು ಹಳ್ಳಿಗೆ ಸಭೆಗೆಂದು ಹೋದ. ಪರದೆ ಕಟ್ಟಿದ್ದರು. ಅವನು ಲ್ಯಾಪ್‌ಟಾಪ್ ತೆರೆಯಲಿಲ್ಲ. ನಿಮಗೆ ಏನೇನು ಭಯ ಇದೆ, ಮೊದಲು ಅದನ್ನು ಹೇಳಿ ಎಂದು ನೋಟ್‌ಬುಕ್ ಹಿಡಿದು ಹಗ್ಗದ ಮಂಚದ ಮೇಲೆ ಕೂತ. ಎರಡೂವರೆ ಗಂಟೆ ಜನ ಹೇಳಿದರು. ಕಾಲುವೆಯ ನೀರು ಸ್ಥಾವರಕ್ಕೆ ಹೋದರೆ ಹೊಲಕ್ಕೆ ಎಷ್ಟು ಉಳಿಯುತ್ತದೆ, ಏನಾದರೂ ಆದರೆ ಎಮ್ಮೆಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋಗಬೇಕು, ಆ ಸುದ್ದಿಯನ್ನು ನಮಗೆ ಯಾರು ಹೇಳುತ್ತಾರೆ, ಎಷ್ಟು ಬೇಗ ಹೇಳುತ್ತಾರೆ. ಅರ್ಧಕ್ಕೆ ಅವನಲ್ಲಿ ಉತ್ತರವಿತ್ತು. ಎಮ್ಮೆಗಳ ವಿಷಯ ಕೇಳಿದ ಮುದುಕಿಗೆ, "ಗೊತ್ತಿಲ್ಲ ತಾಯಿ. ತಿಳಿದುಕೊಂಡು ಮುಂದಿನ ತಿಂಗಳು ಬಂದು ಹೇಳ್ತೀನಿ" ಎಂದ.

ಜೀಪಿನಲ್ಲಿ ಶ್ರೀವತ್ಸ ಮುಖ ಊದಿಸಿಕೊಂಡಿದ್ದ. "ಸರ್, ಒಂದೂ ಸ್ಲೈಡ್ ತೋರಿಸಲಿಲ್ಲ. ವರದಿಯಲ್ಲಿ ಏನಂತ ಬರೆಯೋದು?"

"ಇದನ್ನೇ," ಎಂದು ಇಂದುಶೇಖರ ಹನ್ನೊಂದು ಪುಟ ತುಂಬಿದ್ದ ನೋಟ್‌ಬುಕ್ಕನ್ನು ಅವನ ಮಡಿಲಿಗೆ ಹಾಕಿದ. "ಒಂದೂ ಬಿಡದೆ ಟೈಪ್ ಮಾಡು."