ಅಣ್ಣತಮ್ಮಂದಿರು ಎತ್ತಿದ ತೊಲೆ

ಮಾತು ಬಿಟ್ಟವರು ಅಣ್ಣತಮ್ಮಂದಿರು, ಗಂಟಲು ಒಣಗಿಸಿಕೊಂಡವಳು ಅತ್ತಿಗೆ. ಇದೆಲ್ಲಿಯ ನ್ಯಾಯ ಹೇಳಿ!

ಅತ್ತಿಗೆ ಎಂದರೆ ಮರಗೆಲಸದ ದೊಡ್ಡ ಮೇಸ್ತ್ರಿಯ ಹೆಂಡತಿ. ಮೈದುನ ಚಿಕ್ಕ ಮೇಸ್ತ್ರಿ ಹಾಗೆ ಕರೆದೂ ಕರೆದೂ ಅವಳು ಇಡೀ ಬೀದಿಗೇ ಅತ್ತಿಗೆಯಾಗಿಬಿಟ್ಟಿದ್ದಳು. ಮರದ ಅಡ್ಡೆಯ ಮುದುಕ, ಅವಳ ಅಪ್ಪನಿಗಿಂತ ದೊಡ್ಡವನು, ಅವನೂ "ಬನ್ನಿ ಅತ್ತಿಗೆ, ಕೂತ್ಕೊಳ್ಳಿ" ಅನ್ನುತ್ತಿದ್ದ. ಮನೆಯ ಹಳೇ ಟೆಂಪೋ ಓಡಿಸುವವಳು ಅವಳೇ. ಅಣ್ಣತಮ್ಮಂದಿರಲ್ಲಿ ಯಾರು ಸ್ಟೀರಿಂಗ್ ಹಿಡಿದರೂ ರಸ್ತೆ ನೋಡುವುದು ಬಿಟ್ಟು ಅಕ್ಕಪಕ್ಕದ ಮನೆಗಳ ಕಿಟಕಿ, ಬಾಗಿಲು ನೋಡುವವರು. ಎರಡು ಸಲ ಚರಂಡಿಗೆ ಇಳಿಸಿದ ಮೇಲೆ ಅವಳು ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು, ಮತ್ತೆ ಬಿಚ್ಚಿ ಕೊಡಲಿಲ್ಲ.

ಜಗಳ ಹತ್ತಿಕೊಂಡದ್ದು ಒಂದು ಬಾಗಿಲಿನಿಂದ. ಗ್ಯಾರೇಜಿನ ಮೆಕ್ಯಾನಿಕ್ಕು ಗಾಡಿಗಳನ್ನು ನಿಲ್ಲಿಸಿಕೊಳ್ಳಲು ಮರದ ಶೆಡ್ಡು ಬೇಕೆಂದು ಮಾತಾಡಲು ಬಂದಿದ್ದ. ಚಿಕ್ಕ ಮೇಸ್ತ್ರಿ ಆಗಷ್ಟೇ ಬಾಗಿಲೊಂದನ್ನು ಮುಗಿಸಿ, ಉಜ್ಜಿ, ಗೋಡೆಗೆ ಒರಗಿಸಿದ್ದ. ದೊಡ್ಡವನು ಬಂದವನೇ ಅಂಚಿನ ಮೇಲೆ ಬೆರಳಾಡಿಸಿ, ಕೀಸುಳಿ ತೆಗೆದುಕೊಂಡು ಗಿರಾಕಿಯ ಎದುರಿಗೇ ಸರಸರ ಎರಡು ಸಲ ಎಳೆದ. ಎಳೆದದ್ದು ಸಾಲದು ಎಂಬಂತೆ, "ಇವನಿನ್ನೂ ಕಲೀಬೇಕು ಸಾರ್" ಎಂದು ಬೇರೆ ಅಂದ.

ಇವನಿನ್ನೂ ಕಲೀಬೇಕಂತೆ! ಮೀಸೆ ನೆರೆಯುತ್ತಿರುವ ಗಂಡಸಿಗೆ ಹೇಳುವ ಮಾತೇ ಅದು? ಮೆಕ್ಯಾನಿಕ್ಕು ಅತ್ತ ಹೋದದ್ದೇ ತಡ, ಮಾತಿಗೆ ಮಾತು ಬೆಳೆಯಿತು. "ಈ ಶೆಡ್ಡು ಒಪ್ಕೊಂಡಾಗಿದೆ, ಮುಗಿಸಿ ಕೊಡ್ತೀನಿ. ಆಮೇಲೆ ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ" ಎಂದ ಚಿಕ್ಕವನು, ಹೇಳಿದ್ದು ಮಾತ್ರವಲ್ಲ, ಸಂಜೆಯೊಳಗೆ ಹಿಂದಿನ ಬೀದಿಯಲ್ಲಿ ಒಂದು ಕೋಣೆಯನ್ನೂ ಬಾಡಿಗೆಗೆ ಹಿಡಿದು ಬಂದ.

ಹತಾರಗಳೂ ಪಾಲಾದವು. ಎಂಥ ಪಾಲು ಅಂತೀರಿ! ಸಿಟ್ಟಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರು. ಉಳಿಗಳೆಲ್ಲ ದೊಡ್ಡವನಿಗೆ, ಅವುಗಳ ತಲೆಗೆ ಹೊಡೆಯುವ ಕೊಡತಿ ಚಿಕ್ಕವನಿಗೆ. ಡ್ರಿಲ್ ಮಿಷನ್ನು ಇವನ ಹತ್ತಿರ, ಅದರ ಬಿಟ್ಟುಗಳ ಡಬ್ಬಿ ಅವನ ಹತ್ತಿರ. ಗರಗಸ ಒಬ್ಬನದು, ಅದರ ಹಲ್ಲು ಮಸೆಯುವ ಅರ ಇನ್ನೊಬ್ಬನದು. ಟೆಂಪೋ ಒಂದನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಕೀಲಿ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿತ್ತಲ್ಲ.

ಆಮೇಲೆ ಶುರುವಾಯಿತು ಅತ್ತಿಗೆಯ ಪಾಡು. ಮರಗೆಲಸ ನಡೆಯುವ ಒಂದೇ ಕೊಟ್ಟಿಗೆಯಲ್ಲಿ, ಕೈ ಚಾಚಿದರೆ ತಾಗುವಷ್ಟು ಹತ್ತಿರ ನಿಂತು, ಇಬ್ಬರೂ ಅವಳ ಮುಖ ನೋಡಿಕೊಂಡು ಮಾತಾಡುವರು.

"ಕೊಡತಿ ಬೇಕಂತೆ ಅಂತ ಹೇಳು ಅವನಿಗೆ."

"ಯಾರಿಗೆ ಬೇಕಂತೆ ಅಂತ ಕೇಳಿ ಅತ್ತಿಗೆ."

"ಉಳಿಗೆ ಬೇಕಂತೆ ಅಂತ ಹೇಳು!"

"ಹಾಗಾದ್ರೆ ಉಳೀನೇ ಬಂದು ಕೇಳ್ಲಿ ಅಂತ ಹೇಳಿ."

"ಥೂ, ನಿಮ್ಮ ಮನೆ ಕಾಯ!" ಎಂದು ಅತ್ತಿಗೆ ಕೊಡತಿಯನ್ನು ಕಿತ್ತುಕೊಂಡು ಗಂಡನ ಮುಂದೆ ಕುಕ್ಕುವಳು. "ನಾನೇನು ನಿಮ್ಮಿಬ್ರಿಗೆ ಅಂಚೆಯವಳಾ? ಇವರ ಬಾಯಿಗೆ ಅದೇನು ಮೊಳೆ ಹೊಡ್ಕೊಂಡಿದಾರೋ!"

ಬೈಯುವುದೇನೋ ಬೈದಳು. ಒಳಗೆ ಹೋಗಿ ಒಲೆಯ ಮುಂದೆ ಕೂತರೆ ಮಾತ್ರ ಅಳು ಬರುತ್ತಿತ್ತು. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಮೈದುನನಿಗೆ ಇನ್ನೂ ಮೀಸೆ ಚಿಗುರಿರಲಿಲ್ಲ. ಅವನ ತಟ್ಟೆಗೆ ಅನ್ನ ಬಡಿಸಿ ಬೆಳೆಸಿದವಳು ಅವಳು. ಈ ಶೆಡ್ಡು ಎದ್ದು ನಿಂತ ದಿನ ಅವನು ತನ್ನ ಪಾಲಿನ ಪೆಟ್ಟಿಗೆ ಎತ್ತಿಕೊಂಡು ಹೊರಟುಬಿಡುತ್ತಾನಲ್ಲ! ಕಟ್ಟುವ ಕೆಲಸ ಬೇಗ ಮುಗಿಯದಿರಲಿ ಎಂದು ಬೇಡಿಕೊಂಡ ಮರಗೆಲಸದವರ ಮನೆಯ ಹೆಂಗಸು ಅವಳೊಬ್ಬಳೇ ಇರಬೇಕು.

ಆದರೆ ಕೆಲಸ ಮುಗಿಯುತ್ತಲೇ ಬಂತು. ಶೆಡ್ಡಿನ ಭಾರವೆಲ್ಲ ಹೊರುವುದು ಎರಡು ಕಂಬ, ಅವುಗಳ ತಲೆಯ ಮೇಲೆ ಅಡ್ಡ ಮಲಗುವ ಒಂದು ದೊಡ್ಡ ತೊಲೆ. ಕಂಬದ ತುದಿಯಲ್ಲಿ ಚೌಕನೆಯ ಗೂಟ ಕೆತ್ತುತ್ತಾರೆ. ತೊಲೆಯ ಅಡಿಯಲ್ಲಿ ಅದು ಹೋಗಿ ಕೂರಲು ಗೂಡು ತೋಡುತ್ತಾರೆ. ಗೂಟ ದೊಡ್ಡವನ ಕೆಲಸ, ಗೂಡು ಚಿಕ್ಕವನದು, ಮೊದಲಿನಿಂದಲೂ ಹಾಗೇ. "ದೊಡ್ಡ ಮೇಸ್ತ್ರಿ ಗೂಟ ಅಂದ್ರೆ ಮೊದಲ ಏಟಿಗೇ ಕೂರುತ್ತೆ" ಎಂದು ಸುತ್ತಮುತ್ತಲಲ್ಲಿ ಹೆಸರು. ಆ ಹೆಸರು ಕೇಳಿದಾಗಲೆಲ್ಲ ದೊಡ್ಡವನ ಎದೆ ಒಂದು ಸುತ್ತು ಅಗಲವಾಗುತ್ತಿತ್ತು.

ಈ ಸಲ ಅವನು ಗ್ಯಾರೇಜಿನ ಅಂಗಳದಲ್ಲೇ ಮಲಗಿಸಿದ ಕಂಬದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅಳತೆ ಕೊರೆದ ಮೂಲೆಮಟ್ಟ ಇಟ್ಟು ನೋಡುವುದು, ಒಂದು ಎಳೆ ಕೆತ್ತುವುದು, ಮತ್ತೆ ಇಟ್ಟು ನೋಡುವುದು.

"ಇದೇನ್ರೀ, ಗೂಟಕ್ಕೆ ಇಷ್ಟೊಂದು ಉಪಚಾರ?" ಎಂದು ಅತ್ತಿಗೆ ಕೇಳಿದಳು.

"ಅಳತೆ ಗೆರೆ ಅಂದ್ರೆ ಗೆರೆ. ಹೋಗೋ ಮುಂಚೆ ಅವನು ನನ್ನ ಕೆಲಸದಲ್ಲಿ ಒಂದು ಹುಳುಕು ತೆಗೀಬಾರ್ದು" ಎಂದ ಗಂಡ.

ಚಿಕ್ಕವನು ಅತ್ತ ಮನೆಯ ಕೊಟ್ಟಿಗೆಯಲ್ಲಿ ತೊಲೆಗೆ ಗೂಡು ತೋಡಿ ಮುಗಿಸಿದ್ದ. ಮರುದಿನ ಬೆಳಿಗ್ಗೆ, ಕಂಬಗಳನ್ನು ನೆಟ್ಟ ಮೇಲೆ, ಅತ್ತಿಗೆ ತೊಲೆಯನ್ನು ಟೆಂಪೋಗೆ ಹೇರಿಸಿ, ಹಿಂದೆ ಕೆಂಪು ಬಟ್ಟೆ ಕಟ್ಟಿ, ಆಮೆಯ ಹಾಗೆ ಓಡಿಸಿಕೊಂಡು ಬಂದಳು. ಗಾಡಿಗಳ ಇಂಜಿನ್ನು ಎತ್ತುವ ಸರಪಳಿ ರಾಟೆಯನ್ನು ಮೆಕ್ಯಾನಿಕ್ಕು ತಂದು ಕಟ್ಟಿದ. ತೊಲೆ ಕಿರುಗುಟ್ಟುತ್ತ ಮೇಲೇರಿತು. ಒಂದೊಂದು ಏಣಿಯ ಮೇಲೆ ಒಬ್ಬೊಬ್ಬ ಮೇಸ್ತ್ರಿ, ಮುಖ ಇಬ್ಬರದೂ ಗಂಟು. "ಇಳಿಸೋಕೆ ಹೇಳು", "ನಿಲ್ಲಿಸೋಕೆ ಹೇಳಿ ಅತ್ತಿಗೆ", ಎರಡೂ ಕಡೆಯಿಂದ ಅಪ್ಪಣೆ. ಅವಳು ಕೆಳಗೆ ನಿಂತು ಅತ್ತ ಇತ್ತ ಕತ್ತು ತಿರುಗಿಸಿ ತಿರುಗಿಸಿ ಹೈರಾಣಾದಳು.

ಕೊಡತಿಯ ಏಟೇ ಬೇಕಾಗಲಿಲ್ಲ. ತೊಲೆ 'ಧೊಪ್' ಎಂದು ಗೂಟಗಳ ಮೇಲೆ ಬಿತ್ತು. ಬಿದ್ದು ಲೊಡಲೊಡ ಎಂದು ಅಲ್ಲಾಡಿತು.

"ಇದೇನ್ ಮೇಸ್ತ್ರಿ, ಮಗು ಹಾಲುಹಲ್ಲು ಅಲ್ಲಾಡಿದ ಹಾಗೆ ಅಲ್ಲಾಡ್ತಿದೆ!" ಎಂದ ಮೆಕ್ಯಾನಿಕ್ಕು.

ಮುಗೀತು ಕಥೆ ಎಂದುಕೊಂಡಳು ಅತ್ತಿಗೆ. ಹೋಗುವವನು ಮುಖ ಉಳಿಸಿಕೊಂಡಾದರೂ ಹೋಗಬೇಡವೇ? ದೊಡ್ಡವನು ತೊಲೆಯನ್ನು ಮತ್ತೆ ಎತ್ತಿಸಿ, ಮೂಲೆಮಟ್ಟ ತೆಗೆದು ತನ್ನ ಗೂಟಕ್ಕೆ ಹಿಡಿದ. ಗೆರೆಗೆ ಗೆರೆ ಸರಿ. ಅವನ ಮುಖ ಅರಳಿತು. "ಗೂಡು ಯಾಕೆ ದೊಡ್ಡದಾಯ್ತು ಅಂತ ಕೇಳೇ ಅವನನ್ನ!" ಎಂದು ಏಣಿಯ ಮೇಲಿಂದಲೇ ಕೂಗಿದ.

ಅತ್ತಿಗೆ ಬಾಯಿ ತೆರೆಯುವ ಮೊದಲೇ ಆಚೆಯ ಏಣಿಯಿಂದ ಉತ್ತರ ಬಂತು, ನೇರವಾಗಿ ಅಣ್ಣನಿಗೇ. "ನೀನು ಗೂಟ ಯಾಕೆ ಸಣ್ಣ ಮಾಡಿದೆ?"

"ಸಣ್ಣ ಎಲ್ಲೋ ಇದೆ? ಗೆರೆಗೆ ಸರಿಯಾಗಿದೆ, ಬಂದು ನೋಡು!"

"ಅದನ್ನೇ ಕೇಳ್ತಿರೋದು! ನಿನ್ನ ಗೂಟ ಯಾವತ್ತಣ್ಣ ಗೆರೆಗೆ ಸರಿಯಾಗಿತ್ತು? ಯಾವಾಗ್ಲೂ ಒಂದು ನೂಲು ದಪ್ಪ. ನಾನು ಯಾವಾಗ್ಲೂ ಗೂಡು ಒಂದು ನೂಲು ಅಗಲ ಮಾಡ್ತೀನಿ. ಅದಕ್ಕೇ ಅದು ಮೊದಲ ಏಟಿಗೆ ಕೂರೋದು!"

ನೂಲು ಎಂದರೆ ಮರಗೆಲಸದವರ ಲೆಕ್ಕದಲ್ಲಿ ಅಂಗುಲದ ಎಂಟನೇ ಪಾಲು. ಕಾಣುವುದಕ್ಕೆ ಏನೂ ಅಲ್ಲ. ಆದರೆ ಆ ಒಂದು ನೂಲು ದೊಡ್ಡ ಮೇಸ್ತ್ರಿಯ ಮೇಲೆ ತೊಲೆಯಷ್ಟೇ ಭಾರವಾಗಿ ಬಿತ್ತು. ಅವನು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಯಾವಾಗಿಂದ ಹೀಗೆ ಮಾಡ್ತಿದೀಯ?"

"ನೀನು ನನ್ನ ಕೈಗೆ ಉಳಿ ಕೊಟ್ಟಾಗಿಂದ."

"ಒಂದು ಮಾತು ಹೇಳ್ಬಾರ್ದಿತ್ತೇನೋ?"

"ಏನಂತ ಹೇಳ್ಲಿ? ಕೂರ್ತಿತ್ತಲ್ಲ. ಜನ ನಿನ್ನ ಹೊಗಳಿದ್ರೆ ನಂಗೇನು ನಷ್ಟ?"

ದೊಡ್ಡವನು ತೊಲೆಯ ಗೂಡಿನೊಳಗೆ ಬೆರಳಾಡಿಸಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಮಾತು ಬಿಟ್ಟ ಮೇಲೂ... ಇದರಲ್ಲೂ ನಂಗೆ ಜಾಗ ಬಿಟ್ಟಿದ್ಯಾ?"

"ಜಗಳ ಬೇರೆ, ನಿನ್ನ ಗೂಟ ಬೇರೆ" ಎಂದು ಗೊಣಗಿದ ಚಿಕ್ಕವನು. ಮತ್ತೆ ಸಿಟ್ಟು ನೆತ್ತಿಗೇರಿತು: "ನೀನು ಈ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ ನೆಟ್ಟಗಾಗ್ತೀಯ ಅಂತ ನಂಗೇನು ಕನಸು ಬಿದ್ದಿತ್ತಾ!"

ಮೊದಲು ನಕ್ಕದ್ದು ಮೆಕ್ಯಾನಿಕ್ಕು. ಆಮೇಲೆ ಅತ್ತಿಗೆ, ಅವಳು ಟೆಂಪೋದ ಬಾಗಿಲು ಹಿಡಿದುಕೊಂಡು ಹೊಟ್ಟೆ ನೋಯುವಷ್ಟು ನಕ್ಕಳು, ನಗುನಗುತ್ತಲೇ ಕಣ್ಣೊರೆಸಿಕೊಂಡಳು. ದೊಡ್ಡವನಿಗೂ ನಗು ತಡೆಯಲಿಲ್ಲ. ಏಣಿ ಅಲುಗಾಡಿದ್ದು ನೋಡಿ ಚಿಕ್ಕವನು "ಬೀಳ್ತೀಯ, ಹಿಡ್ಕೋ!" ಎಂದು ಗದರಿದ.

ದೊಡ್ಡವನು ಕೆಳಗಿಳಿದು ಬಂದ. ಗಟ್ಟಿಮರದ ಒಂದು ತುಂಡು ಆರಿಸಿಕೊಂಡ. ಗೂಟದ ಪಕ್ಕಕ್ಕೆ ತೆಳುವಾದ ಪಟ್ಟಿ ಅಂಟಿಸಿದರೆ ಸಡಿಲ ಹೋಗುತ್ತದೆ ಎಂದು ಅವನಿಗೆ ಹೇಳಿಕೊಡಬೇಕೇ? ಎಷ್ಟು ದಪ್ಪ ಎಂದೂ ಗೊತ್ತು, ಈಗಷ್ಟೇ ಕೇಳಿದ್ದಾನೆ. ಆದರೂ ಗರಗಸ ಕೈಯಲ್ಲಿ ಹಿಡಿದು, ಮೆಕ್ಯಾನಿಕ್ಕಿಗೂ ಅಂಗಳದಲ್ಲಿ ಕೂಡಿದ್ದವರಿಗೂ ಕೇಳುವ ಹಾಗೆ, ತಲೆಯೆತ್ತಿ ತಮ್ಮನನ್ನು ಕೇಳಿದ:

"ಅಳತೆ ಹೇಳಪ್ಪ. ನೀನು ಹೇಳಿದಷ್ಟು ಕೊಯ್ತೀನಿ."

ಚಿಕ್ಕ ಮೇಸ್ತ್ರಿ ಏಣಿಯಲ್ಲಿ ಎರಡು ಮೆಟ್ಟಿಲು ಕೆಳಗಿಳಿದ. "ಎರಡೂ ಪಕ್ಕಕ್ಕೆ ಅರ್ಧರ್ಧ ನೂಲಣ್ಣ" ಎಂದ.

ಊಟದ ಹೊತ್ತಿಗೆ ತೊಲೆ ಕೊಡತಿಯ ಏಟಿಗೆ ಕೂತಿತು. ಮೆಕ್ಯಾನಿಕ್ಕು ನೇತು ಬಿದ್ದು ನೋಡಿದ, ತೊಲೆ ಜಪ್ಪಯ್ಯ ಅನ್ನಲಿಲ್ಲ. ಅತ್ತಿಗೆಗೆ ಮಾತ್ರ ಇನ್ನೂ ಆ ಬಾಡಿಗೆ ಕೋಣೆಯದೇ ಚಿಂತೆ. ಬುತ್ತಿ ಬಿಚ್ಚುತ್ತ, ಏನೂ ಆಗದವಳ ಹಾಗೆ ಮೈದುನನನ್ನು ಕೇಳಿದಳು:

"ಅಲ್ಲಪ್ಪ, ಆ ಹಿಂದಿನ ಬೀದಿ ಕೋಣೆ ಹೇಗಿದೆ?"

"ಬಿಟ್ಬಿಟ್ಟೆ ಅತ್ತಿಗೆ."

"ಹೌದಾ? ಯಾವಾಗ?"

ಚಿಕ್ಕವನು ಅಣ್ಣನ ಕಡೆ ಒಮ್ಮೆ ನೋಡಿ, ತಟ್ಟೆಗೆ ಕೈ ಹಾಕಿದ.

"ಈಗ ತಾನೇ. ಬಡಿಸಿ, ಹಸಿವಾಗ್ತಿದೆ."