ಪಬ್ಬಿನ ಚಾವಣಿಯ ಬಾಗಿಲು

ಹೆಡ್ಲಿ ಉಳಿ ಇಟ್ಟು ಬಡಿದಂತೆಲ್ಲ ಅವನ ಪಬ್ಬಿನ ಚಾವಣಿಯ ಗಾರೆ ಅವನ ಕರಿ ಕೋಟಿನ ಮೇಲೆಯೇ ಉದುರಿತು. ಒಂದು ಚೂರು ಕಣ್ಣಿಗೂ ಬಿತ್ತು, ಅವನು ಒರೆಸಿಕೊಳ್ಳಲಿಲ್ಲ. ಹೆಂಡತಿ ಮ್ಯೂರಿಯಲ್ ಮಹಡಿಯ ಮೇಲೆ ಶವಪೆಟ್ಟಿಗೆಯಲ್ಲಿದ್ದಳು. ಚರ್ಚಿನ ಗಂಟೆ ಬಾರಿಸುವಷ್ಟರಲ್ಲಿ ಅವಳನ್ನು ಇಳಿಸಬೇಕಿತ್ತು.

ಮೆಟ್ಟಿಲು ಶಂಖದೊಳಗಿನ ಹಾಗೆ ಸುತ್ತಿಕೊಂಡಿದೆ, ಪೆಟ್ಟಿಗೆ ತಿರುಗುವುದಿಲ್ಲ. ಅದಕ್ಕೇ ಈ ಕಟ್ಟಡ ಕಟ್ಟಿದ ಹಿರಿಯರು ಮಲಗುವ ಕೋಣೆಯ ನೆಲದಲ್ಲಿ ಆಳುದ್ದದ ಹಲಗೆ ಬಾಗಿಲು ಇಟ್ಟಿದ್ದರು. ಸತ್ತವರು ಅಲ್ಲಿಂದ ನೇರ ಪಬ್ಬಿಗೇ ಇಳಿಯುತ್ತಿದ್ದರು. ಬದುಕಿದ್ದಾಗ ಅವರು ಇದ್ದದ್ದೂ ಹೆಚ್ಚಾಗಿ ಅಲ್ಲೇ ಬಿಡಿ. ಕುರ್ಚಿಗೆ ಕಟ್ಟಿ ಮೆಟ್ಟಿಲಲ್ಲೇ ಇಳಿಸೋಣವೆಂದು ಶವಸಂಸ್ಕಾರದವರು ಹೇಳಿ ನೋಡಿದರು. ಹೆಡ್ಲಿ ಬೇಡವೆಂದು ತಲೆಯಾಡಿಸಿಬಿಟ್ಟ.

ಏಣಿ ಹಿಡಿದಿದ್ದವನು ಕ್ಲೆಮ್, ಪಬ್ಬಿನ ಹಳೇ ಗಿರಾಕಿ. "ಎಷ್ಟು ಭದ್ರವಾಗಿ ಮುಚ್ಚಿದೀಯೋ" ಎಂದ.

"ಅವಳೇ ಮುಚ್ಚು ಅಂದಿದ್ದು."

*

ಮದುವೆಯಾಗಿ ಬಂದ ದಿನವೇ ಮ್ಯೂರಿಯಲ್ ಜಮಖಾನೆ ಎತ್ತಿ ಆ ಬಾಗಿಲು ನೋಡಿದ್ದಳು. ಹೆಣ ಇಳಿಸುವ ದಾರಿಯ ಮೇಲೆ ಮಂಚ ಹಾಕಿ ಮಲಗಲಾರೆ ಎಂದು ಹಟ ಹಿಡಿದಳು. ಹೆಡ್ಲಿ ಮೇಲಿಂದ ಮೊಳೆ ಹೊಡೆದ, ಕೆಳಗೆ ಗಾರೆ ಮೆತ್ತಿದ. ಆಮೇಲೆ ಅವಳು ಒಂದು ಆಯುಷ್ಯವಿಡೀ ಅದರ ಕೆಳಗೇ ನಿಂತು ಬಿಯರ್ ತುಂಬಿಸಿ ಕೊಟ್ಟಳು, ಜಗಳ ಬಿಡಿಸಿದಳು. ಕತ್ತೆತ್ತಿ ಮಾತ್ರ ನೋಡಲಿಲ್ಲ. ಹೋದ ವಾರ ಕಾಯಿಲೆಯ ಹಾಸಿಗೆಯಲ್ಲಿ ತಾನಾಗಿಯೇ ಮಾತೆತ್ತಿದಳು.

"ಕುಡಿದು ಬಿದ್ದೋರನ್ನ ಸಾಗಿಸೋ ಹಾಗೆ ನನ್ನ ಕುರ್ಚೀಲಿ ಕೂರಿಸಿ ಇಳಿಸಬೇಡ. ಮಲಗಿಸೇ ಇಳಿಸು."

"ಆ ಬಾಗಿಲು ಕಂಡರೆ ನಿನಗೆ ಆಗಲ್ವಲ್ಲೇ."

"ಆಗ ಹೆದರಿಕೆ ಇತ್ತು. ಈಗ ಬರೀ ಸುಸ್ತು."

*

ಮೊಳೆ ಕಿತ್ತರು, ಹಲಗೆ ಎತ್ತಿದರು. ಹಗ್ಗದಲ್ಲಿ ಪೆಟ್ಟಿಗೆ ನಿಧಾನ ಇಳಿಯಿತು. ಕೆಳಗೆ ನಿಂತಿದ್ದ ಗಂಡಸರು ಕೈಯೆತ್ತಿ ಹಿಡಿದುಕೊಂಡರು. ಹೆಡ್ಲಿಗೆ ಅಳು ಬರಲಿಲ್ಲ. ಪೀಪಾಯಿ ಇಳಿಸುವುದನ್ನು ನೋಡಿದ ಹಾಗೆ ನೋಡಿದ, ಅಷ್ಟೇ. ಏನೂ ಅನ್ನಿಸುತ್ತಿಲ್ಲವಲ್ಲ ಎಂದು ಅವನಿಗೇ ನಾಚಿಕೆಯಾಯಿತು. ಕ್ಲೆಮ್ ಅವನ ಕೋಟಿನ ಧೂಳು ಕೊಡವಿದ.

ಮುಂಬಾಗಿಲು ಗಿಡ್ಡ. ಹೊತ್ತವರು ಮಂಡಿ ಬಗ್ಗಿಸಿದರು. ಕಾಲಿನ ಕಡೆ ಮೊದಲು ಹೊರಗೆ ಹೋಯಿತು. ತಲೆಯ ಕಡೆ ಹೊಸಿಲಿಗೆ ಬಂದಾಗ ಹೆಡ್ಲಿ ನುಗ್ಗಿ ಬಂದು ಮೇಲಿನ ಓಕ್ ತೊಲೆಗೂ ಪೆಟ್ಟಿಗೆಗೂ ನಡುವೆ ಅಂಗೈ ತೂರಿಸಿದ.

"ಕೈ ತೆಗಿಯೋ, ಜಜ್ಜಿಹೋಗುತ್ತೆ" ಎಂದ ಕ್ಲೆಮ್.

"ಅವಳ ತಲೆ ತಾಗುತ್ತೆ ಕಣೋ."

ಪೆಟ್ಟಿಗೆ ದಾಟಿತು. ಗೆಣ್ಣಿನ ಚರ್ಮ ಕಿತ್ತು ರಕ್ತ ಮಣಿಕಟ್ಟಿಗೆ ಇಳಿಯುತ್ತಿತ್ತು. ಹೊತ್ತವರು ರಸ್ತೆ ಸೇರಿದ ಮೇಲೂ ಹೆಡ್ಲಿ ಬಾಗಿಲಲ್ಲೇ ನಿಂತಿದ್ದ, ಅಂಗೈಯನ್ನು ತೊಲೆಗೆ ಒತ್ತಿ ಹಿಡಿದುಕೊಂಡು.