ಬಿಳಿ ಗೆರೆ ಅಂದರೆ ಸೊನ್ನೆ ಎಂದುಕೊಂಡಿದ್ದೆವು

1
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಎಂಜಿನ್ ಗುಡುಗುವುದರಿಂದ ಶುರು ಮಾಡಿದರೆ ಜೋರಾಗಿರುತ್ತಿತ್ತು. ಆದರೆ ಅದಿನ್ನೂ ಸ್ಟಾರ್ಟೇ ಆಗಿಲ್ಲ. (ಕಥೆಯೂ ಅಷ್ಟೆ. ನಗಬೇಡಿ.)

ಇರುವುದನ್ನು ಹೇಳುತ್ತೇನೆ. ಒಂದು ಗ್ಯಾರೇಜು, ಬಾನೆಟ್ ತೆರೆದ ಒಂದು ಹಳೆಯ ಕಾರು, ಒಬ್ಬ ಅಪ್ಪ, ಒಬ್ಬಳು ಮಗಳು. ಇಬ್ಬರೂ ಮೆಕ್ಯಾನಿಕ್‌ಗಳು. ಕಾರಿನ ಎಂಜಿನ್ನನ್ನು ಅಪ್ಪ ಎರಡು ವರ್ಷ ಕೂತು ಬಿಚ್ಚಿ, ತೊಳೆದು, ಮತ್ತೆ ಕಟ್ಟಿದ್ದಾರೆ. ಈಗ ಅವರ ಬೆರಳುಗಳು ನಡುಗುತ್ತವೆ. ಇನ್ನೊಂದು ಎಂಜಿನ್ ಕಟ್ಟುವುದು ಆಗದ ಮಾತು. ಮಗಳು ಅಪ್ಪನ ಕಾರ್ಬ್ಯುರೇಟರ್ ಕಿತ್ತು, ಇಸಿಯು ತಂದಳು: ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಎಂದು ಎಂಜಿನ್ನಿಗೆ ಹೇಳುವ ಅಂಗೈಯಗಲದ ಡಬ್ಬಿ. ಅಂದಿನಿಂದ ಮೂರು ವಾರ ಅಪ್ಪ ಅವಳೊಡನೆ ಮಾತಾಡಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತು ನೋಡುತ್ತಾರೆ.

2
ಡಬ್ಬಿ ಬರುವಾಗ ಅದರ ತಲೆ ಖಾಲಿ. ಹೊಸ ಗುಮಾಸ್ತನಿಗೆ ಹೇಳಿಕೊಟ್ಟ ಹಾಗೆ ಎಲ್ಲ ಹೇಳಬೇಕು. ಸಿಲಿಂಡರ್ ನಾಲ್ಕು. ಕಿಡಿಯ ಸರದಿ ಒಂದು, ಮೂರು, ನಾಲ್ಕು, ಎರಡು. ಮಗಳು ಲ್ಯಾಪ್‌ಟಾಪಿನಲ್ಲಿ ಒಂದೊಂದೇ ತುಂಬಿದಳು. ಪೆಟ್ರೋಲ್ ಬರದಂತೆ ಇಂಜೆಕ್ಟರ್ ವೈರುಗಳನ್ನು ಬಿಚ್ಚಿ, ಸ್ಟಾರ್ಟರಿನಿಂದ ಎಂಜಿನ್ ಬರೀ ತಿರುಗಿಸಿ, ಎಂಜಿನ್ನಿನ ಜೊತೆ ತಿರುಗುವ ಪುಲ್ಲಿಯ ಮೇಲೆ ಟೈಮಿಂಗ್ ಲೈಟ್ ಹಿಡಿದಳು. ಕಿಡಿ ಹೊತ್ತಿದಾಗಲೆಲ್ಲ ಮಿಂಚುವ ದೀಪ ಅದು. ಸೊನ್ನೆ ಡಿಗ್ರಿಗೆ ಕಿಡಿ ಕೊಡು ಎಂದು ಡಬ್ಬಿಗೆ ಹೇಳಿ, ಪುಲ್ಲಿಯ ಬಿಳಿ ಗೆರೆ ಎಂಜಿನ್ ಮೈಮೇಲಿನ ಮುಳ್ಳಿನ ನೇರಕ್ಕೆ ಬರುವವರೆಗೆ ಸರಿಮಾಡಿದಳು.

ಅಂದರೆ, ನಾನು ಹಾಗೆ ಬರೆದೆ. "ಬಿಳಿ ಗೆರೆ ಅಂದರೆ ಸೊನ್ನೆ, ಪಿಸ್ಟನ್ ಪೂರ್ತಿ ಮೇಲಿರುವ ಜಾಗ" ಎಂದು ರಾಜಾರೋಷವಾಗಿ ಬರೆದವನು ನಾನೇ. ನನಗೆ ಸ್ಕೂಟರಿನ ಪ್ಲಗ್ ಬಿಚ್ಚಲೂ ಬರುವುದಿಲ್ಲ.

3 (ಹರಿದು ಹಾಕಿದ್ದು)
ಎಂಜಿನ್ ಸಿಡಿಯುತ್ತದೆ. ಅಪ್ಪ ಎದೆ ಹಿಡಿದುಕೊಂಡು ಕುಸಿಯುತ್ತಾರೆ...

ಮಗಳು ನನ್ನತ್ತ ಸ್ಪ್ಯಾನರ್ ತೋರಿಸಿದಳು. "ಸಾರ್, ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೀವು ದೊಣ್ಣೆ ಆಗ್ಬೇಡಿ."

"ಕಥೆಗೊಂದು ಕ್ಲೈಮ್ಯಾಕ್ಸ್ ಬೇಡ್ವೇನಮ್ಮ?"

"ಬೇಕಾದ್ರೆ ನಿಮ್ಮ ಸ್ಕೂಟರ್ ಸುಟ್ಕೊಳ್ಳಿ."

3
ಇಂಜೆಕ್ಟರ್ ವೈರುಗಳನ್ನು ಮತ್ತೆ ಸಿಕ್ಕಿಸಿದಳು. ಕೀಲಿ ಹಿಡಿದಳು. ಮೂಲೆಯಿಂದ ಒಂದು ಕೆಮ್ಮು ಬಂತು. ಅದು ಗಂಟಲಿನ ಕೆಮ್ಮಲ್ಲ ಎಂದು ಮಗಳಿಗೆ ಗೊತ್ತು.

"ಅಪ್ಪಾ, ಏನಾದ್ರೂ ತಪ್ಪಿದ್ಯಾ?"

ಅಪ್ಪ ಸ್ಟೂಲನ್ನು ಗೋಡೆ ಕಡೆ ತಿರುಗಿಸಿ ಕೂತರು.

"ನಿನ್ನೇ ಕೇಳ್ತಿರೋದು. ಈ ಗೆರೆ ಹಾಕಿದ್ದು ನೀನೇ ತಾನೆ?"

"ನಿನ್ನ ಡಬ್ಬೀನ ಕೇಳು. ಅದಕ್ಕೆ ಎಲ್ಲಾ ಗೊತ್ತಲ್ಲ."

"ಅದಕ್ಕೇನೂ ಗೊತ್ತಿಲ್ಲಪ್ಪ. ನಾನು ಹೇಳಿದಷ್ಟೇ ಗೊತ್ತು. ನನಗೇ ಗೊತ್ತಿಲ್ದೆ ಇದ್ರೆ?"

ಅಪ್ಪ ಎದ್ದರು. (ಇದು ನಾನು ಎಬ್ಬಿಸಿದ್ದಲ್ಲ.)

"ನಾನು ಗೆರೆ ಹಾಕೋದು ಸೊನ್ನೆಗಲ್ಲ. ಕಿಡಿ ಬರಬೇಕಾದ ಕಡೆಗೆ. ಹತ್ತು ಡಿಗ್ರಿ ಮುಂಚೆ. ಮೂವತ್ತು ವರ್ಷದಿಂದ ಹಾಗೇ."

ಮಗಳು ಒಂದನೇ ಸಿಲಿಂಡರಿನ ಪ್ಲಗ್ ಬಿಚ್ಚಿ, ಉದ್ದನೆಯ ಸ್ಕ್ರೂಡ್ರೈವರನ್ನು ಪಿಸ್ಟನ್ನಿಗೆ ತಾಗುವಂತೆ ಇಳಿಸಿ, ಪುಲ್ಲಿಯನ್ನು ನಿಧಾನವಾಗಿ ತಿರುಗಿಸಿದಳು. ಗೆರೆ ಮುಳ್ಳಿಗೆ ಬಂದು ದಾಟಿತು. ಸ್ಕ್ರೂಡ್ರೈವರ್ ಇನ್ನೂ ಕೂದಲೆಳೆಯಷ್ಟು ಮೇಲೇರಿತು. ಗೆರೆ ಬಂದಾಗ ಪಿಸ್ಟನ್ ಇನ್ನೂ ತುದಿ ಮುಟ್ಟಿರಲಿಲ್ಲ; ಅಪ್ಪ ಹೇಳಿದ್ದೇ ಸರಿ. ಹೀಗೇ ಬಿಟ್ಟಿದ್ದರೆ ಪ್ರತಿ ಕಿಡಿಯೂ ಹತ್ತು ಡಿಗ್ರಿ ಬೇಗ ಹೊತ್ತಿ, ಮೊದಲ ಏರುದಾರಿಯಲ್ಲೇ ಪಿಸ್ಟನ್ ತೂತಾಗಬಹುದಿತ್ತು.

"ಇಷ್ಟು ದಿನ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ಯಾ?"

"ಕೇಳಿದ್ರೆ ಹೇಳ್ತಿದ್ದೆ."

ಪ್ಲಗ್ ಮತ್ತೆ ಹಾಕಿ, ಲ್ಯಾಪ್‌ಟಾಪಿನಲ್ಲಿ ಸೊನ್ನೆ ಇದ್ದಲ್ಲಿ ಅವಳು ಹತ್ತು ಬರೆದಳು. ಮತ್ತೆ ವೈರು ಬಿಚ್ಚಿದಳು, ಮತ್ತೆ ತಿರುಗಿಸಿ ಸರಿಮಾಡಿದಳು. ಲೈಟನ್ನು ಈ ಸಲ ಹಿಡಿದವರು ಅಪ್ಪ. ಬೆರಳು ನಡುಗಿದರೂ ಗೆರೆ ಮುಳ್ಳಿನ ನೇರಕ್ಕೇ ನಿಂತಿತು. ನನಗಂತೂ ಹೋದ ಜೀವ ಬಂದಂತಾಯಿತು.

4
ಮುಕ್ತಾಯಗಳು, ನಿಮಗೆ ಬೇಕಾದ್ದು ಆರಿಸಿಕೊಳ್ಳಿ. ಅ) ಒಂದೇ ಸಲಕ್ಕೆ ಸ್ಟಾರ್ಟ್, ಕಣ್ಣೀರು. ಆ) ಬ್ಯಾಟರಿ ಡೌನ್, ನಗು. ಇ) ಇದೆಲ್ಲ ನನ್ನ ಕನಸು. (ಕ್ಷಮಿಸಿ.)

ಇವರು ಒಂದಕ್ಕೂ ಒಪ್ಪುತ್ತಿಲ್ಲ. ಮಗಳು ವೈರುಗಳನ್ನು ಮತ್ತೆ ಸಿಕ್ಕಿಸಿ, ಕೀಲಿಯನ್ನು ಅಪ್ಪನ ಕೈಗಿಟ್ಟಳು.

"ನೀನು ಕಟ್ಟಿದ ಎಂಜಿನ್ನು. ನೀನೇ ತಿರುಗಿಸು."

"ನಿನ್ನ ಡಬ್ಬಿ. ನೀನೇ ತಿರುಗಿಸು."

"ಹಠ ಮಾಡ್ಬೇಡಪ್ಪ."

"ಹಠ ನಿಮ್ಮಮ್ಮನ ಕಡೇದು. ನನ್ನದಲ್ಲ."

"ಅಮ್ಮನ್ನ ಕರೀಲಾ? ಅವಳ ಮುಂದೆ ಹೇಳು!"

ಕೀಲಿ ಆ ಕೈಯಿಂದ ಈ ಕೈಗೆ ಓಡಾಡುತ್ತಿದೆ. ಮೂರು ವಾರ ಕಟ್ಟಿಟ್ಟ ಮಾತೆಲ್ಲ ಒಟ್ಟಿಗೆ ಹೊರಬರುತ್ತಿದೆ. ಎಂಜಿನ್ ಸ್ಟಾರ್ಟ್ ಆಯಿತೇ ಎಂದು ನನ್ನನ್ನು ಕೇಳಬೇಡಿ, ನಾನಂತೂ ಅದನ್ನು ಸ್ಟಾರ್ಟ್ ಮಾಡುವುದಿಲ್ಲ. ಆ ಸದ್ದಿನಲ್ಲಿ ಇವರ ಜಗಳ ಕೇಳಿಸುವುದಿಲ್ಲ.